ಭುಜ ಬಿಡು ಅಂದೆ, ಕಾರಣ ಕೇಳಲಿಲ್ಲ

ಸಂಪಾದಕರೇ,

ಆಟಗಾರರು ತಾವು ಸಲಿಂಗಿ ಎಂದು ಬಾಯಿಬಿಟ್ಟು ಹೇಳಿಕೊಂಡರೆ ಆಟ ಕೆಡುತ್ತದೆ ಎಂಬ ಮಾತು ಮೊನ್ನೆ ಮಂಡ್ಯದ ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲಿ ಕಿವಿಗೆ ಬಿತ್ತು. ವಾಕಿಂಗ್ ಮುಗಿಸಿ ಮೆಟ್ಟಿಲ ಮೇಲೆ ಕೂತಿದ್ದೆ. ಮಾತಾಡುತ್ತಿದ್ದವರು ಇಬ್ಬರು ಹುಡುಗ ವಯಸ್ಸಿನ ಕೋಚ್‌ಗಳು. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಕಾಲಕ್ಕೆ ನಾನೂ ಅದನ್ನೇ ನಂಬಿದ್ದೆ. ಅದರಿಂದ ಒಬ್ಬ ಒಳ್ಳೆಯ ಓಟಗಾರ್ತಿಯನ್ನು ಕಳೆದುಕೊಂಡೆ.

ನಾನು ಡಿಗ್ರಿ ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕಿ ಆಗಿದ್ದೆ. ಹುಡುಗಿಯರಿಗೆ ಬರೀ ಪಿಟಿ ಮಿಸ್. ನನ್ನ ಹತ್ತಿರ 400 ಮೀಟರ್ ಓಡುವ ಹುಡುಗಿ ಒಬ್ಬಳಿದ್ದಳು. ಬೆಳಿಗ್ಗೆ ಆರಕ್ಕೆ ಯಾರೂ ಇಲ್ಲದಾಗ ಓಡಿದರೆ 59 ಸೆಕೆಂಡು. ಕೂಟದಲ್ಲಿ ಓಡಿದರೆ 62. ಮೂರು ಸೆಕೆಂಡು ಅಂದರೆ ಪದಕಕ್ಕೂ ಕೊನೆಯ ಸ್ಥಾನಕ್ಕೂ ಇರುವ ಅಂತರ.

400 ಮೀಟರ್ ಓಡಿದವರಿಗೆ ಗೊತ್ತು, ಕೊನೆಯ 80 ಮೀಟರಿನಲ್ಲಿ ಕಾಲು ಕಲ್ಲಾಗುತ್ತದೆ. ಆಗ ಮೈ ಬಿಗಿ ಹಿಡಿದವರು ಸೋಲುತ್ತಾರೆ, ಸಡಿಲ ಬಿಟ್ಟವರು ಮುಂದೆ ಹೋಗುತ್ತಾರೆ. ಇವಳ ಭುಜ ಕಿವಿಯವರೆಗೂ ಏರುತ್ತಿತ್ತು. ಹಲ್ಲು ಕಚ್ಚಿ ಕತ್ತಿನ ನರ ಎದ್ದು ಕಾಣುತ್ತಿತ್ತು. ಹೆಬ್ಬೆರಳನ್ನು ಮುಷ್ಟಿಯೊಳಗೆ ಸಿಕ್ಕಿಸಿಕೊಂಡು ಓಡುತ್ತಿದ್ದಳು. "ಭುಜ ಬಿಡು, ದವಡೆ ಬಿಡು" ಅಂತ ಗಂಟಲು ಹರಿಯುವಂತೆ ಕೂಗಿದ್ದೇನೆ. ಸ್ಟಾರ್ಟ್ ಬದಲಾಯಿಸಿದೆ, ಸ್ಪೈಕ್ಸ್ ಬದಲಾಯಿಸಿದೆ. ಏನು ಹೆದರಿಕೆ ಅಂತ ಮಾತ್ರ ಕೇಳಲಿಲ್ಲ.

ಮೈಸೂರಿನ ಚಾಮುಂಡಿ ವಿಹಾರದಲ್ಲಿ ಒಂದು ಕೂಟ ಮುಗಿಸಿ ಕೆಂಪು ಬಸ್ಸಿನಲ್ಲಿ ಬರುತ್ತಿದ್ದೆವು. ಶ್ರೀರಂಗಪಟ್ಟಣ ದಾಟುವಾಗ ಅವಳೇ ಹೇಳಿದಳು, ತನಗೆ ಹುಡುಗಿಯರ ಮೇಲೇ ಪ್ರೀತಿ ಎಂದು. ಸ್ಟ್ಯಾಂಡಿನಲ್ಲಿ ಕೂತವರಿಗೆಲ್ಲ ಅದು ಗೊತ್ತಾಗಿದೆಯೇನೋ ಅನ್ನಿಸಿ ಓಡಲು ಆಗುವುದಿಲ್ಲ ಎಂದು. ನಾನು ಕಿಟಕಿ ಕಡೆ ತಿರುಗಿದೆ. ಪಾಂಡವಪುರ ಸ್ಟೇಷನ್ ಹತ್ತಿರ ಬಂದಾಗ, "ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಸಿಗೋವರೆಗೂ ಯಾರಿಗೂ ಹೇಳ್ಬೇಡ ಕಣೇ" ಅಂದೆ. ಒಳ್ಳೆಯದಕ್ಕೇ ಅಂದೆ. ಆದರೂ ನನಗೊಬ್ಬಳಿಗೆ ಹೇಳಿದ್ದಕ್ಕೇ ಏನೋ, ಮುಂದಿನ ಒಂದು ತಿಂಗಳು ಅವಳ ಮುಷ್ಟಿ ಬಿಚ್ಚಿತ್ತು. ಆ ತಿಂಗಳು ಕೂಟದಲ್ಲೇ 60ರೊಳಗೆ ಓಡಿದಳು. ಆಮೇಲೆ ಹಾಸ್ಟೆಲಿನಲ್ಲಿ ಸುದ್ದಿ ಹೇಗೋ ಹಬ್ಬಿತು. ಜೊತೆಗೆ ರಿಲೇ ಓಡುವವರು ಬ್ಯಾಟನ್ ಕೊಡುವಾಗ ಕೈ ತಾಗದಂತೆ ಕೊಡಲು ಶುರು ಮಾಡಿದರು. ನಾನು ನೋಡಿದೆ, ಸುಮ್ಮನಿದ್ದೆ. ಎರಡು ವಾರಕ್ಕೆ ಅವಳು ಮೈದಾನಕ್ಕೆ ಬರುವುದನ್ನೇ ಬಿಟ್ಟಳು.

2019ರ ಮೇ ತಿಂಗಳಲ್ಲಿ ಒಡಿಶಾದ ಓಟಗಾರ್ತಿ ದ್ಯುತಿ ಚಾಂದ್ ತನ್ನ ಊರಿನ ಹುಡುಗಿಯನ್ನು ಪ್ರೀತಿಸುತ್ತಿರುವುದಾಗಿ ಎಲ್ಲರೆದುರು ಹೇಳಿದಾಗ ಮನೆಯವರೇ ತಿರುಗಿಬಿದ್ದರು. ಜುಲೈನಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ನಡೆದ ವಿಶ್ವ ವಿ.ವಿ. ಕ್ರೀಡಾಕೂಟದಲ್ಲಿ ಅದೇ ದ್ಯುತಿ 100 ಮೀಟರನ್ನು 11.32 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದರು. 2021ರಲ್ಲಿ ಪಟಿಯಾಲದಲ್ಲಿ ಇನ್ನೂ ವೇಗವಾಗಿ, 11.17ರಲ್ಲಿ ಓಡಿದರು. ಟೆನಿಸ್‌ನ ಮಾರ್ಟಿನಾ ನವ್ರಾಟಿಲೋವಾ 1981ರಲ್ಲಿ ಹೇಳಿಕೊಂಡರು. ಅವರ 18 ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳಲ್ಲಿ 16 ಬಂದಿದ್ದು ಅದಾದ ಮೇಲೆ. 1983ರಲ್ಲಂತೂ ವರ್ಷವಿಡೀ ಸೋತದ್ದು ಒಂದೇ ಪಂದ್ಯ. ಹೇಳಿಕೊಂಡಿದ್ದಕ್ಕೇ ಗೆದ್ದರು ಅಂತ ನಾನು ಹೇಳುವುದಿಲ್ಲ. ಗೆಲ್ಲಿಸಿದ್ದು ಬೆವರು. ಆದರೆ ಆಟ ಕೆಡಲಿಲ್ಲ ಅಲ್ವಾ?

ಕೆಟ್ಟದ್ದೂ ಇದೆ, ಮುಚ್ಚಿಡಬಾರದು. ಇಂಗ್ಲೆಂಡಿನ ಫುಟ್‌ಬಾಲ್ ಆಟಗಾರ ಜಸ್ಟಿನ್ ಫಶಾನು 1990ರಲ್ಲಿ ಹೇಳಿಕೊಂಡಾಗ ಸ್ವಂತ ತಮ್ಮನೇ ಬಹಿರಂಗವಾಗಿ ಕೈಬಿಟ್ಟ. 1998ರಲ್ಲಿ ಆತ ತೀರಿಕೊಂಡ. ನನ್ನ ಹುಡುಗಿಗೂ ಕಾಲು ಸೋಲಲಿಲ್ಲ, ನಾವು ಸೋಲಿಸಿದೆವು. ಅದಕ್ಕೇ ಮಕ್ಕಳನ್ನು ಹೇಳು ಹೇಳು ಅಂತ ಬಲವಂತ ಮಾಡುವುದೂ ತಪ್ಪು. ಹೇಳುವುದು, ಬಿಡುವುದು ಅವರಿಗೆ ಸೇರಿದ್ದು. ಹೇಳಿದ ದಿನ ನಾವು ಕಿಟಕಿ ಕಡೆ ತಿರುಗಬಾರದು, ಅಷ್ಟೇ.

ಕೋಚ್‌ಗಳಿಗೂ ಪಿಟಿ ಟೀಚರ್‌ಗಳಿಗೂ ಕ್ರೀಡಾ ಇಲಾಖೆ ತರಬೇತಿ ಕೊಡುವಾಗ ಈ ವಿಷಯಕ್ಕೆ ಅರ್ಧ ದಿನ ಇಡಲಿ. ಹುಡುಗಿಯೊಬ್ಬಳು ಬಂದು ಹೀಗೆ ಹೇಳಿದರೆ ಏನು ಮಾತಾಡಬೇಕು, ತಂಡದವರು ಅವಮಾನ ಮಾಡಿದರೆ ಅಲ್ಲೇ ಹೇಗೆ ನಿಲ್ಲಿಸಬೇಕು ಎಂದು ಕಲಿಸಲಿ. ಉಳುಕಿಗೆ ಐಸ್ ಇಡುವುದನ್ನು ನಮಗೆ ಕಲಿಸಿದ್ದರು. ಇದನ್ನು ಯಾರೂ ಕಲಿಸಿರಲಿಲ್ಲ.

ದ್ಯುತಿ ನೇಪಲ್ಸ್‌ನಲ್ಲಿ ಗೆದ್ದ ರಾತ್ರಿ ನನ್ನ ಆ ಹುಡುಗಿಯ ಫೋನ್ ಬಂದಿತ್ತು, ಎಷ್ಟೋ ವರ್ಷಗಳ ಮೇಲೆ. "ಮಿಸ್, ಅವಳ ಭುಜ ನೋಡಿದ್ರಾ?" ಅಂದಳು. ಈ ಪತ್ರ ಬರೆಯಲು ಅವಳ ಒಪ್ಪಿಗೆ ಕೇಳಿದ್ದೇನೆ, ಕೊಟ್ಟಿದ್ದಾಳೆ. ದಯವಿಟ್ಟು ನನ್ನ ಹೆಸರು ಹಾಕಬೇಡಿ. ನನ್ನ ಹೆಸರು ಗೊತ್ತಾದರೆ ಊರಿನವರಿಗೆ ಅವಳ ಹೆಸರೂ ಗೊತ್ತಾಗುತ್ತದೆ. ಅವಳ ಅಪ್ಪ-ಅಮ್ಮನಿಗೆ ಅವಳು ಇನ್ನೂ ಹೇಳಿಲ್ಲ.

ನಿವೃತ್ತ ದೈಹಿಕ ಶಿಕ್ಷಣ ನಿರ್ದೇಶಕಿ, ಮಂಡ್ಯ