ಎತ್ತರ, ತೂಕ ಮತ್ತು ನಿಮ್ಮ ಮಗುವಿನ ಬೆಳವಣಿಗೆ: ಪೋಷಕರಿಗೆ ಪತ್ರ

ಅಂಕೋಲಾ
ಜೂನ್ ಮೊದಲ ವಾರ

ಮಾನ್ಯ ಪೋಷಕರೇ,

ನಮಸ್ಕಾರಗಳು. ಈ ತಿಂಗಳ ಕೊನೆಯ ಶನಿವಾರ ಬೆಳಿಗ್ಗೆ ಎಲ್‌ಕೆಜಿಯಿಂದ ಹತ್ತನೇ ತರಗತಿಯವರೆಗಿನ ಎಲ್ಲ ಮಕ್ಕಳ ಎತ್ತರ, ತೂಕ ಅಳೆಯುತ್ತೇವೆ. ಡಿಸೆಂಬರಿನಲ್ಲಿ ಮತ್ತೊಮ್ಮೆ ಅಳೆದು, ಎರಡನ್ನೂ ಕಾರ್ಡಿನಲ್ಲಿ ಬರೆದು ಮನೆಗೆ ಕಳುಹಿಸುತ್ತೇವೆ. ಕಾರ್ಡು ಕೈಗೆ ಬಂದಾಗ ಪಕ್ಕದ ಮನೆಯ ಮಗುವಿನದರ ಜೊತೆ ಇಟ್ಟು ನೋಡಬೇಡಿ. ಅದೇ ಮಗುವಿನ ಹಿಂದಿನ ಅಳತೆಯ ಜೊತೆ ಇಟ್ಟು ನೋಡಿ. ಒಂದು ದಿನದ ಎತ್ತರದಿಂದ ತಿಳಿಯುವುದು ಸ್ವಲ್ಪ. ವರ್ಷದಲ್ಲಿ ಎಷ್ಟು ಬೆಳೆದಿದೆ ಎಂಬುದರಿಂದ ತಿಳಿಯುವುದು ಬಹಳ. ಆ ಲೆಕ್ಕ ವಯಸ್ಸಿಗೊಂದು ರೀತಿ ಇರುವುದರಿಂದ ಪತ್ರ ಉದ್ದವಾಗಿದೆ. ದಯವಿಟ್ಟು ಪೂರ್ತಿ ಓದಿ.

ಶಾಲೆಗೆ ಬರುವ ಮಕ್ಕಳಿಗೆ ಮನೆಯಲ್ಲಿ ಪುಟ್ಟ ತಮ್ಮ ತಂಗಿಯರೂ ಇರುವುದರಿಂದ ಕೂಸಿನಿಂದಲೇ ಶುರು ಮಾಡುತ್ತೇನೆ. ಹುಟ್ಟಿದ ಮೊದಲ ವರ್ಷದಷ್ಟು ವೇಗವಾಗಿ ಮನುಷ್ಯ ಮತ್ತೆಂದೂ ಬೆಳೆಯುವುದಿಲ್ಲ. 3 ಕೆ.ಜಿ. ತೂಗುತ್ತಿದ್ದ ಕೂಸು ಐದು ತಿಂಗಳ ಹೊತ್ತಿಗೆ ಸುಮಾರು 6 ಕೆ.ಜಿ., ವರ್ಷ ತುಂಬುವಾಗ 9 ಕೆ.ಜಿ. ಆಸುಪಾಸಿಗೆ ಬರಬೇಕು. ಉದ್ದ 50 ಸೆಂ.ಮೀ. ಇದ್ದದ್ದು 75 ಆಗುತ್ತದೆ. ತಲೆಯ ಸುತ್ತಳತೆ ಒಂದೇ ವರ್ಷದಲ್ಲಿ ಸುಮಾರು 12 ಸೆಂ.ಮೀ. ಹೆಚ್ಚುತ್ತದೆ, ಒಳಗೆ ಮಿದುಳು ಅಷ್ಟು ಬೇಗ ಬೆಳೆಯುತ್ತಿರುತ್ತದೆ.

ಆರು ತಿಂಗಳವರೆಗೆ ಎದೆಹಾಲು ಮಾತ್ರ ಸಾಕು, ನೀರೂ ಬೇಡ. ಎಡವಟ್ಟಾಗುವುದು ಅದರ ನಂತರ. ಗಂಜಿಯ ತಿಳಿ, ಸಾರಿನ ನೀರು ಕುಡಿಸಿದರೆ ಕೂಸಿನ ಚಿಕ್ಕ ಹೊಟ್ಟೆ ನೀರಿನಿಂದಲೇ ತುಂಬಿಬಿಡುತ್ತದೆ, ಶಕ್ತಿ ಸಿಗುವುದಿಲ್ಲ. ರಾಗಿ ಮಣ್ಣಿ ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿ ಇರಲಿ, ಅದಕ್ಕೊಂದು ಚಿಕ್ಕ ಚಮಚ ತುಪ್ಪ ಅಥವಾ ತೆಂಗಿನೆಣ್ಣೆ ಬೀಳಲಿ. ಬೇಳೆ, ಮೊಟ್ಟೆ, ಮುಳ್ಳು ತೆಗೆದು ಹಿಸುಕಿದ ಮೀನು ಒಂದೊಂದಾಗಿ ಸೇರಲಿ. ಎಂಟು ತಿಂಗಳವರೆಗೆ ದಿನಕ್ಕೆ ಎರಡು ಮೂರು ಸಲ, ಆಮೇಲೆ ಮೂರು ನಾಲ್ಕು ಸಲ. ವರ್ಷ ತುಂಬುವ ಮೊದಲು ಜೇನುತುಪ್ಪ ನೆಕ್ಕಿಸಬೇಡಿ. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಎಳೆಗೂಸಿನ ಸ್ನಾಯುಗಳು ಶಕ್ತಿ ಕಳೆದುಕೊಳ್ಳುವ ಅಪಾಯವಿದೆ.

ನಡಿಗೆಯಲ್ಲಿ ಮಕ್ಕಳ ನಡುವೆ ವ್ಯತ್ಯಾಸ ದೊಡ್ಡದು. ಹತ್ತು ತಿಂಗಳಿಗೆ ಹೆಜ್ಜೆ ಇಟ್ಟವರೂ ಸರಿ, ಹದಿನೈದಕ್ಕೆ ಇಟ್ಟವರೂ ಸರಿ. ಚಕ್ರದ ವಾಕರಿನಲ್ಲಿ ಕೂರಿಸಿದರೆ ಬೇಗ ನಡೆಯುತ್ತದೆಂಬುದು ತಪ್ಪು ನಂಬಿಕೆ. ಕೂಸು ತುದಿಗಾಲಿನಲ್ಲಿ ತಳ್ಳಲು ಕಲಿಯುತ್ತದೆಯೇ ಹೊರತು ಮೈಭಾರ ಹಿಡಿದು ನಿಲ್ಲಲು ಕಲಿಯುವುದಿಲ್ಲ. ಆದರೆ ಒಂಬತ್ತು ತಿಂಗಳಾದರೂ ಆಸರೆಯಿಲ್ಲದೆ ಕೂರದಿದ್ದರೆ, ವರ್ಷವಾದರೂ ಹೆಸರು ಕರೆದಾಗ ತಿರುಗದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ, ಎರಡು ವರ್ಷಕ್ಕೂ ‘ಅಮ್ಮ ಬಾ’ ಎಂಬಂತೆ ಎರಡು ಪದ ಜೋಡಿಸದಿದ್ದರೆ ಕಾಯಬೇಡಿ, ವೈದ್ಯರಿಗೆ ತೋರಿಸಿ. ಮಾತು ತಡವಾದ ಮಗುವಿಗೆ ಮೊದಲು ಆಗಬೇಕಾದದ್ದು ಕಿವಿಯ ಪರೀಕ್ಷೆ. ಮನೆಯಲ್ಲಿ ಕೊಂಕಣಿ, ಅಂಗನವಾಡಿಯಲ್ಲಿ ಕನ್ನಡ, ಅದಕ್ಕೇ ಮಾತು ಬರಲಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಎರಡರ ಪದಗಳನ್ನೂ ಕೂಡಿಸಿ ಎಣಿಸಿ. ಮನೆಮಾತನ್ನು ಬಿಡಿಸುವುದಂತೂ ಬೇಡವೇ ಬೇಡ.

ಎರಡನೇ ವರ್ಷದಲ್ಲಿ ಬೆಳವಣಿಗೆಯ ವೇಗ ಇಳಿಯುತ್ತದೆ, ತೂಕ ಏರುವುದು ಎರಡೂವರೆ ಕೆ.ಜಿ.ಯಷ್ಟು ಮಾತ್ರ. ಹಸಿವೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಅಜ್ಜಿಯಂದಿರು ‘ಊಟವೇ ಸೇರುವುದಿಲ್ಲ’ ಎಂದು ಕೊರಗುವುದು ಈ ವಯಸ್ಸಿನಲ್ಲೇ. ಮೊಬೈಲ್ ತೋರಿಸಿ ತುತ್ತು ತುರುಕಿದರೆ ಹಸಿವು, ಹೊಟ್ಟೆ ತುಂಬಿದ್ದು ಎರಡನ್ನೂ ಗುರುತಿಸುವುದು ಮಗುವಿಗೆ ಮರೆತುಹೋಗುತ್ತದೆ. ನಾಲ್ಕು ವರ್ಷಕ್ಕೆ ಎತ್ತರ ಸುಮಾರು 100 ಸೆಂ.ಮೀ., ಅಂದರೆ ಹುಟ್ಟಿದಾಗಿನ ಎರಡರಷ್ಟು.

ಆರರಿಂದ ಹತ್ತು ಶಾಂತವಾದ ವರ್ಷಗಳು. ವರ್ಷಕ್ಕೆ 5ರಿಂದ 6 ಸೆಂ.ಮೀ., 2ರಿಂದ 3 ಕೆ.ಜಿ. ಇಲ್ಲಿ ಎರಡೇ ಮಾತು. ಆರನೇ ವರ್ಷಕ್ಕೆ ಹಾಲುಹಲ್ಲುಗಳ ಸಾಲಿನ ಹಿಂದೆ ಹೊಸ ದವಡೆಹಲ್ಲು ಬರುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಅದನ್ನೂ ಹಾಲುಹಲ್ಲೆಂದು ತಿಳಿದು ಹುಳುಕಾದರೂ ಬಿಟ್ಟುಬಿಡುತ್ತಾರೆ. ಅದು ಶಾಶ್ವತ ಹಲ್ಲು, ಹೋದರೆ ಮತ್ತೆ ಬರುವುದಿಲ್ಲ. ಇನ್ನೊಂದು, ರಾತ್ರಿ ಎರಡೂ ಮೀನಖಂಡ ನೋಯುತ್ತದೆಂದು ಅತ್ತು ಬೆಳಿಗ್ಗೆ ಓಡಾಡುವ ಮಗುವಿಗೆ ಕಾಲು ತಿಕ್ಕಿದರೆ ಸಾಕು. ಒಂದೇ ಕಾಲು ನೋಯುವುದು, ಗಂಟು ಊದುವುದು, ಕುಂಟುವುದು ಬೇರೆ ವಿಷಯ, ವೈದ್ಯರು ನೋಡಬೇಕು.

ಪೋಷಕರಿಂದ ಹೆಚ್ಚು ಪ್ರಶ್ನೆ ಬರುವುದು ಐದರಿಂದ ಒಂಬತ್ತನೇ ತರಗತಿಯ ಮಕ್ಕಳ ಬಗ್ಗೆ. ಆರು, ಏಳನೇ ತರಗತಿಯಲ್ಲಿ ಹುಡುಗಿಯರೇ ಎತ್ತರ, ಹುಡುಗರು ಗಿಡ್ಡ. ಇದರಲ್ಲಿ ಯಾರದೂ ತಪ್ಪಿಲ್ಲ. ಹುಡುಗಿಯರಲ್ಲಿ ಹದಿಹರೆಯದ ಮೊದಲ ಗುರುತು, ಎದೆ ಮೊಳೆಯುವುದು, 8ರಿಂದ 13 ವರ್ಷದೊಳಗೆ ಯಾವಾಗಲಾದರೂ ಬರಬಹುದು. ಎತ್ತರ ಜಿಗಿಯುವುದು ಅದರ ಬೆನ್ನಿಗೇ, ಅತಿ ವೇಗದ ವರ್ಷದಲ್ಲಿ 8 ಸೆಂ.ಮೀ.ವರೆಗೆ. ಮೈನೆರೆಯುವುದು ಸಾಮಾನ್ಯವಾಗಿ ಮೊದಲ ಗುರುತಿನಿಂದ ಎರಡು, ಎರಡೂವರೆ ವರ್ಷದ ಮೇಲೆ. ಆ ಹೊತ್ತಿಗೆ ಜಿಗಿತ ಮುಗಿಯುತ್ತಾ ಬಂದಿರುತ್ತದೆ. ನಂತರ ಇನ್ನು 5ರಿಂದ 7 ಸೆಂ.ಮೀ. ಅಷ್ಟೆ. ಆದ್ದರಿಂದ ಹುಡುಗಿಗೆ ಒಳ್ಳೆಯ ಊಟ, ಆಟ, ನಿದ್ದೆ ಹೆಚ್ಚು ಬೇಕಾದದ್ದು ‘ದೊಡ್ಡವಳಾದ’ ಮೇಲಲ್ಲ, ಅದಕ್ಕೆ ಎರಡು ವರ್ಷ ಮುಂಚಿನಿಂದ. ಮುಟ್ಟು ಶುರುವಾದ ಕಾರಣಕ್ಕೆ ಖೋ ಖೋ, ಕಬಡ್ಡಿ ಬಿಡಿಸಬೇಡಿ. ಮೊದಲ ಎರಡು ವರ್ಷ ಮುಟ್ಟು ಹಿಂದೆ ಮುಂದೆ ಆಗುತ್ತದೆ. ಏಳು ದಿನ ಮೀರಿದರೆ ಅಥವಾ ಗಂಟೆಗೊಂದು ಪ್ಯಾಡ್ ತೋಯುವಷ್ಟು ಹೋದರೆ ವೈದ್ಯರ ಹತ್ತಿರ ಕರೆದೊಯ್ಯಿರಿ.

ಹುಡುಗರ ಜಿಗಿತ ಸುಮಾರು ಎರಡು ವರ್ಷ ತಡ. ಹೆಚ್ಚಿನವರಿಗೆ 13, 14ರ ಹೊತ್ತಿಗೆ, ವರ್ಷಕ್ಕೆ 9, 10 ಸೆಂ.ಮೀ.ಯಷ್ಟು. ಮೊದಲು ಪಾದ, ಕೈ ಬೆಳೆಯುತ್ತವೆ, ಆಮೇಲೆ ಕಾಲು, ಕೊನೆಗೆ ಮುಂಡ. ಒಂದೇ ವರ್ಷದಲ್ಲಿ ಎರಡು ಸಲ ಚಪ್ಪಲಿ ಬದಲಿಸಬೇಕಾದರೆ ಬೇಸರಿಸಬೇಡಿ, ಎತ್ತರ ಬರುತ್ತಿದೆ ಎಂದರ್ಥ. ಏಳನೇ ತರಗತಿಯ ಗಿಡ್ಡ ಹುಡುಗನಿಗೆ ಎತ್ತರ ಹೆಚ್ಚಿಸುವ ಪುಡಿಗೆಂದು ಸುರಿಯುವ ಹಣ ವ್ಯರ್ಥ. ಜಿಗಿತವೇ ಶುರುವಾಗದವನಿಗೆ ಪುಡಿಯಿಂದ ಶುರುವಾಗುವುದಿಲ್ಲ, ತೂಕ ಮಾತ್ರ ಹೆಚ್ಚೀತು. ಕೆಲವು ಹುಡುಗರಿಗೆ ಈ ವಯಸ್ಸಿನಲ್ಲಿ ಎದೆ ಸ್ವಲ್ಪ ಉಬ್ಬಿ ನೋಯುತ್ತದೆ. ಸಾಮಾನ್ಯವಾಗಿ ಎರಡು ವರ್ಷದೊಳಗೆ ತಾನಾಗಿ ಇಳಿಯುತ್ತದೆ. ನಾಚಿಕೆಯಿಂದ ಆಟಕ್ಕೇ ಬರದ ಮಕ್ಕಳಿಗೆ ಇದನ್ನು ತಂದೆಯವರೇ ಹೇಳಿದರೆ ಒಳ್ಳೆಯದು.

ಎಂಟು ವರ್ಷಕ್ಕೆ ಮೊದಲೇ ಹುಡುಗಿಯಲ್ಲಿ, ಒಂಬತ್ತಕ್ಕೆ ಮೊದಲೇ ಹುಡುಗನಲ್ಲಿ ಗುರುತು ಕಂಡರೆ, ಅಥವಾ ಹುಡುಗಿಗೆ 13, ಹುಡುಗನಿಗೆ 14 ತುಂಬಿದರೂ ಏನೂ ಕಾಣದಿದ್ದರೆ, ಹುಡುಗಿಗೆ 15 ತುಂಬಿದರೂ ಮುಟ್ಟಾಗದಿದ್ದರೆ ತೋರಿಸಬೇಕು. ನಾಲ್ಕು ವರ್ಷದ ಮೇಲೆ, ಹದಿಹರೆಯಕ್ಕೆ ಮುಂಚೆ, ವರ್ಷಕ್ಕೆ 4 ಸೆಂ.ಮೀ.ಗೂ ಕಡಿಮೆ ಬೆಳೆದರೂ, ಆರು ತಿಂಗಳು ತೂಕ ಏರದಿದ್ದರೂ ಅಷ್ಟೇ.

ಊಟದಲ್ಲಿ ನಮ್ಮ ಕರಾವಳಿಗೆ ಅದರದೇ ಕಷ್ಟವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಬಂಗಡೆ, ತಾರ್ಲೆ ಇಲ್ಲದ ಈ ದಿನಗಳಲ್ಲಿ ಕುಚಲಕ್ಕಿ ಗಂಜಿ, ಉಪ್ಪಿನಕಾಯಿಗೆ ಊಟ ಮುಗಿಯುತ್ತದೆ. ಒಣಮೀನಿನಲ್ಲಿ ಉಪ್ಪು ಜಾಸ್ತಿ, ದಿನವೂ ಬೇಡ. ದಿನಕ್ಕೊಂದು ಮೊಟ್ಟೆ ಅಥವಾ ಒಂದು ಬಟ್ಟಲು ಹೆಸರು, ಅಲಸಂದೆ, ಕಡಲೆ ಬೇಯಿಸಿ ಕೊಡಿ, ಜೊತೆಗೆ ಹರಿವೆ, ಬಸಳೆ. ಸಾಣಿಕಟ್ಟಾದ ಉಪ್ಪಿನ ಗದ್ದೆಯಿಂದ ನೇರವಾಗಿ ಬಂದ ಹರಳುಪ್ಪು ರುಚಿಗೆ ಚೆನ್ನ, ಆದರೆ ಅದಕ್ಕೆ ಅಯೋಡಿನ್ ಬೆರೆಸಿರುವುದಿಲ್ಲ. ಥೈರಾಯ್ಡ್ ಗ್ರಂಥಿಗೆ ಅಯೋಡಿನ್ ಸಾಲದಿದ್ದರೆ ಬೆಳವಣಿಗೆಗೂ ಓದಿಗೂ ಪೆಟ್ಟು. ಉಪ್ಪಿನಕಾಯಿಗೆ ಹರಳುಪ್ಪು ಇರಲಿ, ದಿನದ ಅಡುಗೆಗೆ ಅಯೋಡಿನ್ ಉಪ್ಪು ಬಳಸಿ.

ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆ, ಚಿಕ್ಕವರಿಗೆ ಗುಲಾಬಿ, ದೊಡ್ಡವರಿಗೆ ನೀಲಿ, ಬಿಸಿಯೂಟದ ನಂತರವೇ ಕೊಡುತ್ತೇವೆ. ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಬರುತ್ತದೆ. ಮಾರನೇ ದಿನ ಮಲ ಕಪ್ಪಾದರೆ ಹೆದರಬೇಡಿ. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣಾಂಶ ಮೈಗೆ ಹತ್ತುವುದಿಲ್ಲ, ಒಂದು ಗಂಟೆಯಾದರೂ ಅಂತರವಿರಲಿ.

ಅಳತೆಯ ದಿನ ಹುಡುಗಿಯರಿಗೆ ಎರಡು ಜಡೆ ಸಾಕು, ನೆತ್ತಿಯ ಮೇಲೆ ಕ್ಲಿಪ್, ಹೂವು ಬೇಡ. ಅಷ್ಟರಿಂದಲೇ ಎರಡು ಸೆಂ.ಮೀ. ಹೆಚ್ಚು ಬಂದುಬಿಡುತ್ತದೆ. ಮನೆಯಲ್ಲಿ ನೀವೇ ಅಳೆಯುವುದಾದರೆ ಬರಿಗಾಲಿನಲ್ಲಿ ಗೋಡೆಗೆ ನಿಲ್ಲಿಸಿ, ಹಿಮ್ಮಡಿ, ಪೃಷ್ಠ, ಹೆಗಲು ಗೋಡೆಗೆ ತಾಗಲಿ, ನೋಟ ನೇರ ಮುಂದಕ್ಕಿರಲಿ. ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕವನ್ನು ಗೋಡೆಗೆ ಒತ್ತಿ ಹಿಡಿದು ಅದರ ಕೆಳಗೆ ಗೆರೆ ಎಳೆಯಿರಿ. ಸಂಜೆ ಹೊತ್ತಿಗೆ ಬೆನ್ನುಮೂಳೆ ಒತ್ತಿಕೊಂಡು ಒಂದು ಸೆಂ.ಮೀ.ವರೆಗೆ ಕಡಿಮೆ ಬರುವುದುಂಟು, ಹಾಗಾಗಿ ಪ್ರತಿ ಸಲ ಬೆಳಿಗ್ಗೆಯೇ ಅಳೆಯಿರಿ.

ಎಲ್‌ಕೆಜಿ, ಯುಕೆಜಿ ಮತ್ತು ಒಂದನೇ ತರಗತಿಯ ಪೋಷಕರು ತಾಯಿ ಕಾರ್ಡಿನ ಬೆಳವಣಿಗೆ ನಕ್ಷೆಯ ಪುಟವನ್ನು ಜೆರಾಕ್ಸ್ ಮಾಡಿಸಿ ಶುಕ್ರವಾರದೊಳಗೆ ತರಗತಿ ಶಿಕ್ಷಕಿಯವರಿಗೆ ಕೊಡಿ. ಮಗುವಿನ ಬೆಳವಣಿಗೆ ಬಗ್ಗೆ ಒಬ್ಬರೇ ಮಾತನಾಡಬೇಕೆನಿಸಿದರೆ ಯಾವ ದಿನವಾದರೂ ಸಂಜೆ ನಾಲ್ಕೂವರೆಯ ನಂತರ ನನ್ನ ಕೊಠಡಿಗೆ ಬನ್ನಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯರು