ಪುಟ್ಟಿಗೆ, ಪೆಗಾಸಸ್ ಜಗಳದ ವಿಷ್ಯಕ್ಕೆ

ಪುಟ್ಟಿ,

ಮೊನ್ನೆ ನೀನು ಯಾರ ಜೊತೆನೋ ಪೆಗಾಸಸ್ (ಇಸ್ರೇಲಿನ ಎನ್‌ಎಸ್‌ಓ ಕಂಪನಿ ಮಾಡಿರೋ, ಗೊತ್ತಾಗದ ಹಾಗೆ ಫೋನೊಳಗೆ ನುಗ್ಗಿ ಕದ್ದು ನೋಡೋ ಸ್ಪೈವೇರ್) ಬಗ್ಗೆ ಕಿತ್ತಾಡಿದ್ದನ್ನೆಲ್ಲ ಕೂತು ಓದಿದೆ ಕಣೇ. ಅವನು ಇದೆಲ್ಲ ವಿದೇಶಿಯೋರ ಪ್ರೊಪಗಾಂಡ ಅಂತಾನೆ, ನೀನು ಸರ್ಕಾರ ಎಲ್ಲರ ಫೋನಲ್ಲೂ ಕೂತಿದೆ ಅಂತೀಯ. ಬೇಜಾರ್ ಮಾಡ್ಕೋಬೇಡ, ಇಬ್ರೂ ಗೊತ್ತಿರೋದಕ್ಕಿಂತ ಜಾಸ್ತಿ ಮಾತಾಡ್ತಿದೀರ. ನಿನ್ನ ಕಡೆ ಹುರುಳಿದೆ, ಅದಕ್ಕೇ ನಿಂಗೆ ಬರೀತಿರೋದು, ಅವನಿಗಲ್ಲ.

2021ರ ಜುಲೈನಲ್ಲಿ ಪೆಗಾಸಸ್ ಗುರಿ ಆಗಿರಬಹುದಾದ ಫೋನ್ ನಂಬರ್‌ಗಳ ಪಟ್ಟಿ ಹೊರಗೆ ಬಂತಲ್ಲ, ಒಟ್ಟು 50,000 ನಂಬರ್, ಅದರಲ್ಲಿ ನಮ್ಮ ದೇಶದ್ದು ಅಂತ ಪತ್ರಕರ್ತರು ಪರಿಶೀಲಿಸಿ ಖಾತ್ರಿ ಮಾಡಿದ್ದೇ 300ಕ್ಕಿಂತ ಜಾಸ್ತಿ. 2019ರಲ್ಲಿ ಇಲ್ಲಿ ಮೈತ್ರಿ ಸರ್ಕಾರ ಅಲ್ಲಾಡ್ತಿದ್ದಾಗ ಡಿಸಿಎಂ ಆಗಿದ್ದ ಪರಮೇಶ್ವರ್ ನಂಬರ್, ಕುಮಾರಸ್ವಾಮಿ ಮತ್ತೆ ಸಿದ್ದರಾಮಯ್ಯ ಅವರ ಪರ್ಸನಲ್ ಸೆಕ್ರೆಟರಿಗಳ ನಂಬರ್ ಕೂಡ ಅದರಲ್ಲಿದ್ವು ಅಂತ ಸುದ್ದಿ ಆಯ್ತು. ಆದ್ರೆ ಪಟ್ಟೀಲಿ ಇದ್ದ ಮಾತ್ರಕ್ಕೆ ಹ್ಯಾಕ್ ಆಯ್ತು ಅಂತಲ್ಲ, ಫೋರೆನ್ಸಿಕ್ ಟೆಸ್ಟ್ ಮಾಡಿದ್ರೇನೇ ಗೊತ್ತಾಗೋದು. ಆ ಸರ್ಕಾರ ಬಿದ್ದಿದ್ದೇ ಪೆಗಾಸಸ್‌ನಿಂದ ಅಂತ ಬರೆದಿದೀಯಲ್ಲ, ಅದನ್ನ ಯಾರೂ ತೋರಿಸಿಲ್ಲಮ್ಮ.

ಸುಪ್ರೀಂ ಕೋರ್ಟು ಕಮಿಟಿ ಮಾಡ್ತು, ರಿಟೈರ್ಡ್ ಜಡ್ಜ್ ಆರ್.ವಿ. ರವೀಂದ್ರನ್ ಉಸ್ತುವಾರಿ. 2022ರ ಆಗಸ್ಟ್‌ನಲ್ಲಿ ಕೋರ್ಟಲ್ಲಿ ಹೇಳಿದ್ದಿಷ್ಟು: 29 ಫೋನ್ ನೋಡಿದ್ರು, 5ರಲ್ಲಿ ಯಾವುದೋ ಮಾಲ್‌ವೇರ್ ಸಿಕ್ತು, ಅದು ಪೆಗಾಸಸ್ಸೇ ಅಂತ ಖಾತ್ರಿ ಆಗ್ಲಿಲ್ಲ, ಕೇಂದ್ರ ಸರ್ಕಾರ ಸಹಕರಿಸಲಿಲ್ಲ. ಅವನು ಖಾತ್ರಿ ಆಗ್ಲಿಲ್ಲ ಅನ್ನೋದನ್ನ ಮಾತ್ರ ಹಿಡ್ಕೊಂಡಿದಾನೆ, ನೀನು 5 ಅನ್ನೋದನ್ನ ಮಾತ್ರ, ಸಹಕರಿಸಲಿಲ್ಲ ಅನ್ನೋದು ಇಬ್ಬರ ಕೈಯಿಂದಲೂ ಜಾರಿಹೋಯ್ತು. ಇಡೀ ಕಥೇಲಿ ಗಟ್ಟಿ ಇರೋದೇ ಅದು ಕಣೇ! ಸರ್ಕಾರ ಪೆಗಾಸಸ್ ತಗೊಂಡಿದೆಯಾ ಇಲ್ವಾ ಅಂತ ಕೇಳಿದ್ರೆ ರಕ್ಷಣಾ ಇಲಾಖೆ ಒಂದು ಎನ್‌ಎಸ್‌ಓ ಜೊತೆ ವ್ಯವಹಾರ ಮಾಡಿಲ್ಲ ಅಂತ ರಾಜ್ಯಸಭೇಲಿ ಹೇಳ್ತು, ಇಡೀ ಸರ್ಕಾರದ ಪರವಾಗಿ ಕೋರ್ಟಲ್ಲಿ ಹೌದು ಅಂತಾನೂ ಬರ್ಲಿಲ್ಲ ಇಲ್ಲ ಅಂತಾನೂ ಬರ್ಲಿಲ್ಲ, ದೇಶದ ಭದ್ರತೆ ಅಂದ್ಬಿಟ್ರು. ಮಂತ್ರಿ ಅಶ್ವಿನಿ ವೈಷ್ಣವ್ ಲೋಕಸಭೇಲಿ ಇದು ಪ್ರಜಾಪ್ರಭುತ್ವಕ್ಕೆ ಮಸಿ ಬಳಿಯೋ ಪ್ರಯತ್ನ ಅಂದ್ರು, ಅವತ್ತೇ ಅವರ ನಂಬರೂ ಪಟ್ಟೀಲಿದೆ ಅಂತ ಸುದ್ದಿ ಬಂತು (ನಂಗೆ ನಗು ತಡೆಯೋಕಾಗ್ಲಿಲ್ಲ). ಇನ್ಮೇಲೆ ಯಾರಾದ್ರೂ ಪ್ರೊಪಗಾಂಡ ಅಂದ್ರೆ ಬೈಬೇಡ, ತಗೊಂಡ್ರಾ ಇಲ್ವಾ ಅಂತ ಅದೊಂದನ್ನೇ ಕೇಳು, ಉತ್ತರ ಬರೋವರೆಗೂ ಬೇರೆ ಮಾತು ಎತ್ಬೇಡ. ಅಮೆರಿಕದ ಕೋರ್ಟು 2024ರ ಡಿಸೆಂಬರ್‌ನಲ್ಲಿ ವಾಟ್ಸಾಪ್ ಹಾಕಿದ್ದ ಕೇಸಲ್ಲಿ ಎನ್‌ಎಸ್‌ಓ ಕಂಪನಿದೇ ತಪ್ಪು ಅಂತ ಹೇಳಿದೆ, ಅದೂ ನೆನಪಿರ್ಲಿ.

ಇನ್ನು ನಿನ್ನ ಫೋನು. ಆ ಕೇಸಿನ ವಿಷ್ಯ ಗೊತ್ತಲ್ಲ, 2019ರಲ್ಲಿ ವಾಟ್ಸಾಪ್ ಕಾಲ್ ಬಂದ್ರೆ ಸಾಕು, ಎತ್ತೋದೇ ಬೇಡ, ಪೆಗಾಸಸ್ ಒಳಗೆ ಬರ್ತಿತ್ತು, ಹಾಗೆ 1,400 ಜನರ ಫೋನನ್ನ ಗುರಿ ಮಾಡಿದ್ರು. ಅಂಥದ್ದರ ಮುಂದೆ ಸಂಶಯದ ಲಿಂಕ್ ಒತ್ಬೇಡ ಅನ್ನೋ ಬುದ್ಧಿಮಾತು ಕೆಲಸಕ್ಕೆ ಬರಲ್ಲ. ಆದ್ರೆ ಅದು ದುಬಾರಿ ಸಾಮಾನು, ಸರ್ಕಾರಗಳಿಗೇ ಮಾರೋದು ಅಂತ ಆ ಕಂಪನಿನೇ ಹೇಳುತ್ತೆ, ಕಾಮೆಂಟ್ ಹಾಕೋ ಹುಡುಗಿ ಮೇಲೆ ಯಾರು ಖರ್ಚು ಮಾಡ್ತಾರೆ ಹೇಳು. ನಿನ್ನ ಹುಡುಕ್ಕೊಂಡು ಬರೋದು ಮದುವೆ ಇನ್ವಿಟೇಶನ್ ಅಂತ ವಾಟ್ಸಾಪಲ್ಲಿ ಬರೋ ಎಪಿಕೆ ಫೈಲು (ಒತ್ತಿದ್ರೆ ಆ್ಯಪ್ ಇನ್‌ಸ್ಟಾಲ್ ಮಾಡೋ ಫೈಲು), ಟ್ರಾಫಿಕ್ ಚಲನ್ ಅಂತ ಬರೋ ಎಪಿಕೆ ಫೈಲು, ಇನ್‌ಸ್ಟಾಲ್ ಮಾಡಿದ್ರೆ ಒಟಿಪಿ ಎಲ್ಲ ಅವರಿಗೆ ಹೋಗುತ್ತೆ. ಅಪ್‌ಡೇಟ್ ಬಂದ ದಿನಾನೇ ಹಾಕು, ನಾಳೆ ಅನ್ಬೇಡ, ಸ್ಪೈವೇರ್ ನುಗ್ಗೋ ತೂತುಗಳನ್ನ ಮುಚ್ಚೋದೇ ಅದು. ವಾರಕ್ಕೊಂದ್ಸಲ ಆಫ್ ಮಾಡಿ ಆನ್ ಮಾಡು, ಕೆಲವು ಸ್ಪೈವೇರ್ ರೀಸ್ಟಾರ್ಟ್ ಆದ್ರೆ ಉಳಿಯಲ್ಲ, ಆದ್ರೆ ಮತ್ತೆ ಬರಬಹುದು.

ನಿನ್ನ ಫ್ರೆಂಡು ಪತ್ರಿಕೇಲಿ ಕೆಲಸ ಮಾಡ್ತಾಳಲ್ಲ, ಅವಳ ಲೆಕ್ಕ ಬೇರೆ. ಅವಳನ್ನ ನಂಬಿ ಸುದ್ದಿ ಕೊಡೋರ ಹೆಸರು ಅವಳ ಫೋನಲ್ಲಿರುತ್ತೆ, ಸಿಕ್ಕಿಹಾಕ್ಕೊಳ್ಳೋರು ಅವರು. ಐಫೋನ್ ಇದ್ರೆ ಲಾಕ್‌ಡೌನ್ ಮೋಡ್ ಆನ್ ಮಾಡ್ಕೊ ಅನ್ನು, ಒಂದಷ್ಟು ಫೀಚರ್ ಕೆಲಸ ಮಾಡಲ್ಲ, ಪರವಾಗಿಲ್ಲ. 2023ರ ಅಕ್ಟೋಬರ್‌ನಲ್ಲಿ ಶಶಿ ತರೂರ್, ಮಹುವಾ ಮೊಯಿತ್ರಾ ಅವರಿಗೆಲ್ಲ ಸರ್ಕಾರಿ ಬೆಂಬಲದ ಹ್ಯಾಕರ್‌ಗಳು ನಿಮ್ಮ ಫೋನ್ ಗುರಿ ಮಾಡಿರಬಹುದು ಅಂತ ಆಪಲ್‌ನಿಂದ ಎಚ್ಚರಿಕೆ ಬಂತಲ್ಲ, ಅಂಥದ್ದು ಅವಳಿಗೇನಾದ್ರೂ ಬಂದ್ರೆ ಗಾಬರೀಲಿ ಫೋನ್ ರೀಸೆಟ್ ಮಾಡ್ಬಾರ್ದು, ಹ್ಯಾಕ್ ಆದ ಗುರುತೆಲ್ಲ ಅಳಿಸಿಹೋಗುತ್ತೆ, ಮೊದಲು ಗೊತ್ತಿರೋರಿಗೆ ಕೊಟ್ಟು ಟೆಸ್ಟ್ ಮಾಡಿಸಬೇಕು.

ಹಬ್ಬಕ್ಕೆ ಬಂದಾಗ ನಿಮ್ಮಮ್ಮನ ಫೋನನ್ನ ಒಂದ್ಸಲ ನೋಡು, ಸ್ಟೋರೇಜ್ ಫುಲ್ ಅಂತ ಯಾವಾಗಿಂದ್ಲೋ ಅಪ್‌ಡೇಟೇ ಆಗಿಲ್ಲ. ಗುಡ್ ಮಾರ್ನಿಂಗ್ ಫೋಟೋ ಡಿಲೀಟ್ ಮಾಡೋಕೆ ಬಿಡಲ್ಲ ಅವಳು, ನೀನೇ ಕೇಳಿ ನೋಡು.

ನಿನ್ನ ಮಾವ