ರೆಟಿನಾಲ್ ಹಚ್ಚಿ ಎನ್ನುವವರು ಎಷ್ಟು, ಹೇಗೆ ಎಂದೂ ಹೇಳಲಿ

ಮಾನ್ಯ ಸಂಪಾದಕರೇ,

ಮೊಡವೆಗೆ, ಕಲೆಗೆ, ಸುಕ್ಕಿಗೆ ರೆಟಿನಾಲ್ (ವಿಟಮಿನ್ ‘ಎ’ಯ ಒಂದು ರೂಪ) ಇರುವ ಕ್ರೀಮು ಹಚ್ಚಿ ಎಂಬ ಸಲಹೆ ಸೌಂದರ್ಯ ಅಂಕಣಗಳಲ್ಲಿ ಮೇಲಿಂದ ಮೇಲೆ ಬರುತ್ತಿದೆ. ಸಲಹೆ ತಪ್ಪಲ್ಲ. ಆದರೆ ಎಷ್ಟು ಹಚ್ಚಬೇಕು, ವಾರಕ್ಕೆ ಎಷ್ಟು ಸಲ, ಯಾವುದರ ಜೊತೆ ಕೂಡದು ಎಂಬುದನ್ನು ಬಿಟ್ಟು ಹೆಸರಷ್ಟೇ ಹೇಳಿದರೆ ಓದಿದವರ ಮುಖ ಉರಿದು, ಸಿಪ್ಪೆಯೆದ್ದು, ಫಲ ಕಾಣುವ ಮೊದಲೇ ಟ್ಯೂಬು ಮೂಲೆ ಸೇರುತ್ತದೆ.

ರೆಟಿನಾಯ್ಡ್‌ಗಳೆಲ್ಲ (ರೆಟಿನಾಲ್ ಅವುಗಳಲ್ಲೊಂದು) ವಿಟಮಿನ್ ‘ಎ’ ಬಳಗದವು, ಆದರೆ ಶಕ್ತಿ ಒಂದೇ ಅಲ್ಲ. ರೆಟಿನಾಲ್ ಚರ್ಮದೊಳಗೆ ಎರಡು ಹಂತ ದಾಟಿ ರೆಟಿನೋಯಿಕ್ ಆಮ್ಲವಾಗಬೇಕು, ಆದ್ದರಿಂದ ಸೌಮ್ಯ. ಟ್ರೆಟಿನಾಯಿನ್ ಎಂದರೆ ಆ ಆಮ್ಲವೇ; ವೈದ್ಯರ ಸಲಹೆಯಿಲ್ಲದೆ ಮುಟ್ಟಬಾರದು. ಹೊಸಬರಿಗೆ ರೆಟಿನಾಲ್ ಶೇ 0.1ರಿಂದ 0.3 ಸಾಕು. ಮೊಡವೆಗೆ ಇದೇ ಬಳಗದ ಅಡಾಪಲೀನ್ ಶೇ 0.1 ಒಳ್ಳೆಯ ಆರಂಭ, ವೈದ್ಯರು ಟ್ರೆಟಿನಾಯಿನ್ ಬರೆದರೂ ಸಾಮಾನ್ಯವಾಗಿ ಶೇ 0.025ರಿಂದ ಶುರು ಮಾಡುತ್ತಾರೆ.

ಇವು ಚರ್ಮದ ಕೋಶಗಳು ಬೇಗ ಹುಟ್ಟಿ ಬೇಗ ಮೇಲೆ ಬರುವಂತೆ ಮಾಡುತ್ತವೆ. ಮೊದಮೊದಲು ಹೊರಪದರ ಸಡಿಲಗೊಂಡು ತೇವ ಸೋರಿಹೋಗುತ್ತದೆ. ಉರಿ, ಬಿಗಿತ, ಸಿಪ್ಪೆ ಬರುವುದು ಅದಕ್ಕೇ. ಚರ್ಮ ಒಗ್ಗಿಕೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅವಸರಪಟ್ಟರೆ ಕಂದು, ಕಪ್ಪು ಚರ್ಮದವರಿಗೆ ನಷ್ಟ ಹೆಚ್ಚು: ಉರಿಯೂತ ಇಳಿದ ಜಾಗದಲ್ಲಿ ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುತ್ತದೆ. ಕಲೆ ಹೋಗಲೆಂದು ಹಚ್ಚಿದ್ದೇ ಕಲೆ ತರುವುದು ಹೀಗೆ.

ಹಚ್ಚುವುದು ರಾತ್ರಿ ಮಾತ್ರ. ಸೌಮ್ಯವಾದ ಫೇಸ್‌ವಾಶ್‌ನಿಂದ ತೊಳೆದು, ಒರೆಸಿ, ಮುಖ ಪೂರ್ತಿ ಒಣಗಲು ಇಪ್ಪತ್ತು ನಿಮಿಷ ಬಿಡಿ. ಒದ್ದೆ ಚರ್ಮದಲ್ಲಿ ಉರಿ ಹೆಚ್ಚು. ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು ಸಾಕು. ಹಣೆ, ಎರಡು ಕೆನ್ನೆ, ಗಲ್ಲಕ್ಕೆ ಚುಕ್ಕಿಯಿಟ್ಟು ತೆಳ್ಳಗೆ ಹರಡಿ. ಮೊಡವೆಯ ಮೇಲಷ್ಟೇ ದಪ್ಪಗೆ ಮೆತ್ತುವುದು ಸಾಮಾನ್ಯ ತಪ್ಪು. ರೆಪ್ಪೆ, ಮೂಗಿನ ಪಕ್ಕದ ಸಂದು, ತುಟಿಯಂಚು ಬಿಡಬೇಕು. ಅಲ್ಲಿ ಮೊದಲೇ ಸ್ವಲ್ಪ ಪೆಟ್ರೋಲಿಯಂ ಜೆಲ್ಲಿ ಸವರಿದರೆ ಒಳಿತು. ಆಮೇಲೆ ಮಾಯಿಶ್ಚರೈಸರ್. ಸೂಕ್ಷ್ಮ ಚರ್ಮದವರು ಮಾಯಿಶ್ಚರೈಸರನ್ನು ಮೊದಲೂ ಹಚ್ಚಬಹುದು, ಕೊನೆಗೂ ಹಚ್ಚಬಹುದು.

ಮೊದಲ ಎರಡು ವಾರ ವಾರಕ್ಕೆ ಎರಡು ರಾತ್ರಿ, ಮುಂದಿನ ಎರಡು ವಾರ ಮೂರು ರಾತ್ರಿ, ಅನಂತರ ದಿನ ಬಿಟ್ಟು ದಿನ. ಪ್ರತಿ ರಾತ್ರಿ ಹಚ್ಚಲೇಬೇಕೆಂದಿಲ್ಲ. ಅದೇ ರಾತ್ರಿ ಸತ್ತ ಚರ್ಮ ತೆಗೆಯುವ ಗ್ಲೈಕೋಲಿಕ್, ಸ್ಯಾಲಿಸಿಲಿಕ್ ಆಮ್ಲ, ಸ್ಕ್ರಬ್ ಬೇಡ. ಮೊಡವೆಗೆ ಹಚ್ಚುವ ಬೆನ್ಜಾಯ್ಲ್ ಪೆರಾಕ್ಸೈಡ್ ಟ್ರೆಟಿನಾಯಿನನ್ನು ಕೆಡಿಸುತ್ತದೆ, ಅಡಾಪಲೀನನ್ನು ಕೆಡಿಸುವುದಿಲ್ಲ. ವ್ಯಾಕ್ಸಿಂಗ್‌ಗೆ ಒಂದು ವಾರ ಮೊದಲೇ ನಿಲ್ಲಿಸದಿದ್ದರೆ ಚರ್ಮವೇ ಕಿತ್ತು ಬರಬಹುದು. ಹಗಲಲ್ಲಿ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಲಾಗದವರು ಇದನ್ನು ಶುರು ಮಾಡದಿರುವುದೇ ಮೇಲು.

ಮೊದಲ ವಾರಗಳಲ್ಲಿ ಮೊಡವೆ ಹೆಚ್ಚಿದರೆ ಹೆದರಬೇಕಿಲ್ಲ. ಯಾವಾಗಲೂ ಏಳುವ ಜಾಗದಲ್ಲೇ ಎದ್ದು ಬೇಗ ಮಾಗುತ್ತವೆ. ಆದರೆ ನೀರು ತಾಗಿದರೂ ಉರಿ, ಊತ, ಬಿಡದ ಕೆಂಪು ಕಂಡರೆ ನಿಲ್ಲಿಸಿ, ಮಾಯಿಶ್ಚರೈಸರ್ ಮಾತ್ರ ಹಚ್ಚಿ, ಪೂರ್ತಿ ಶಮನವಾದ ಮೇಲೆ ಮೊದಲಿನ ಅರ್ಧದಷ್ಟು ಸಲ ಮತ್ತೆ ಶುರು ಮಾಡಬೇಕು. ಮೊಡವೆಯಲ್ಲಿ ಬದಲಾವಣೆ ಕಾಣಲು ಎಂಟರಿಂದ ಹನ್ನೆರಡು ವಾರ, ಸುಕ್ಕಿಗೆ ಇನ್ನೂ ಕೆಲವು ತಿಂಗಳು ಹಿಡಿಯುತ್ತದೆ.

ಇಷ್ಟೆಲ್ಲ ಅಚ್ಚು ಮಾಡಲು ಜಾಗವಿಲ್ಲದ ದಿನವೂ ಒಂದು ಸಾಲನ್ನು ದಯವಿಟ್ಟು ಬಿಡಬೇಡಿ: ಗರ್ಭಿಣಿಯರು ಮತ್ತು ಗರ್ಭ ಧರಿಸಲು ಬಯಸುವವರು ಯಾವ ರೆಟಿನಾಯ್ಡನ್ನೂ ಹಚ್ಚಬಾರದು, ಈಗಾಗಲೇ ಹಚ್ಚುತ್ತಿದ್ದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು.

ಇಂತಿ,
ನಿಮ್ಮ ಓದುಗರು